ಐ2ಪಿ ಹಾಕಿದ್ದೇನೆ, ಸೈಟ್‌ಗಳು ತೆರೆಯುತ್ತಿಲ್ಲ. ಮೊದಲು ಏನು ನೋಡಬೇಕು?

ಪ್ರಶ್ನೆ
ಐ2ಪಿಯ (ಗುರುತು ಮರೆಮಾಡಿ ಸಂಪರ್ಕಿಸುವ ನೆಟ್‌ವರ್ಕ್) ಜಾವಾ ಆವೃತ್ತಿ ಹಾಕಿದ್ದೇನೆ. 127.0.0.1:7657ರಲ್ಲಿ ಕನ್ಸೋಲ್ (ಅದರ ನಿಯಂತ್ರಣ ಪುಟ) ತೆರೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪ್ರಾಕ್ಸಿಯನ್ನೂ ಕೊಟ್ಟಿದ್ದೇನೆ. ಆದರೆ ಡಾಟ್ ಐ2ಪಿ ವಿಳಾಸ ಹಾಕಿದರೆ ಒಮ್ಮೆ ಸರ್ಚ್ ಪುಟ ಬರುತ್ತದೆ, ಇನ್ನೊಮ್ಮೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಕನ್ಸೋಲ್‌ನಲ್ಲಿ ‘ಫೈರ್‌ವಾಲ್ಡ್’ ಅಂತ ಇದೆ. ಮುಂದೆ ಟಾರೆಂಟ್ ಕೂಡ ಇದರಲ್ಲೇ ಓಡಿಸಬೇಕು.

ಉತ್ತರ 1
ಸರ್ಚ್ ಪುಟ ಬರುವುದು ಬ್ರೌಸರ್‌ನ ತೊಂದರೆ. ಡಾಟ್ ಐ2ಪಿ ಅನ್ನುವುದು ಫೈರ್‌ಫಾಕ್ಸ್‌ಗೆ ಗೊತ್ತಿಲ್ಲದ ಕಾರಣ ಅದನ್ನು ಹುಡುಕುವ ಪದ ಅಂದುಕೊಳ್ಳುತ್ತದೆ. ವಿಳಾಸದ ಮುಂದೆ ಎಚ್‌ಟಿಟಿಪಿ ಸೇರಿಸಿಯೇ ಟೈಪ್ ಮಾಡಿ. ಅಬೌಟ್ ಕಾನ್ಫಿಗ್‌ಗೆ ಹೋಗಿ ‘ಕೀವರ್ಡ್ ಡಾಟ್ ಎನೇಬಲ್ಡ್’ ಅನ್ನು ಫಾಲ್ಸ್ ಮಾಡಿ. ಎಚ್‌ಟಿಟಿಪಿಎಸ್-ಓನ್ಲಿ ಮೋಡ್ ಆನ್ ಇದ್ದರೆ ತೆಗೆಯಿರಿ, ಒಳಗಿನ ಸೈಟ್‌ಗಳು ಹೆಚ್ಚಾಗಿ ಬರೀ ಎಚ್‌ಟಿಟಿಪಿಯಲ್ಲೇ ಇರುತ್ತವೆ. ಗೂಢಲಿಪಿಯ ಕೆಲಸವನ್ನು ಟನಲ್ (ಬೇರೆ ಬಳಕೆದಾರರ ಕಂಪ್ಯೂಟರ್‌ಗಳ ಮೂಲಕ ಹಾದುಹೋಗುವ ಐ2ಪಿ ದಾರಿ) ನೋಡಿಕೊಳ್ಳುತ್ತದೆ.

ಇದನ್ನೆಲ್ಲ ದಿನಬಳಕೆಯ ಪ್ರೊಫೈಲ್‌ನಲ್ಲಿ ದಯವಿಟ್ಟು ಮಾಡಬೇಡಿ, ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಪ್ರಾಕ್ಸಿ 127.0.0.1, ಪೋರ್ಟ್ 4444, ಎಚ್‌ಟಿಟಿಪಿಎಸ್‌ಗೂ ಅದೇ. ವೆಬ್‌ಆರ್‌ಟಿಸಿ (ಬ್ರೌಸರ್‌ನ ಆಡಿಯೋ-ವಿಡಿಯೋ ಕರೆ ಸೌಲಭ್ಯ) ಆಫ್ ಮಾಡಿ. ಅದು ಪ್ರಾಕ್ಸಿಯನ್ನು ಬಿಟ್ಟು ಹೊರಗೆ ಹೋಗಿ ನಿಮ್ಮ ನಿಜವಾದ ಐಪಿಯನ್ನು ತೋರಿಸಿಬಿಡಬಹುದು.

ಉತ್ತರ 2
ತಿರುಗುತ್ತಲೇ ಇದ್ದರೆ ಮೊದಲು ಗಡಿಯಾರ ನೋಡಿ. ಕಂಪ್ಯೂಟರ್‌ನ ಸಮಯ ಒಂದು ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದರೆ ಬೇರೆ ರೌಟರ್‌ಗಳು (ಇಲ್ಲಿ ರೌಟರ್ ಅಂದರೆ ಬಳಕೆದಾರರ ಕಂಪ್ಯೂಟರ್‌ನಲ್ಲಿ ಓಡುವ ಐ2ಪಿ ಪ್ರೋಗ್ರಾಂ) ಸಂಪರ್ಕವನ್ನೇ ಒಪ್ಪುವುದಿಲ್ಲ. ಅದು ಸರಿ ಇದ್ದರೆ ಕಾಯಿರಿ. ಹೊಸ ರೌಟರ್‌ಗೆ ರೀಸೀಡ್ ಸರ್ವರ್ (ಶುರುವಿನ ಪಟ್ಟಿ ಕೊಡುವ ಸರ್ವರ್) ಕೊಟ್ಟ ಕೆಲವೇ ಪಿಯರ್‌ಗಳ (ನೆಟ್‌ವರ್ಕ್‌ನ ಇತರ ಕಂಪ್ಯೂಟರ್‌ಗಳ) ಪರಿಚಯ ಇರುತ್ತದೆ, ಉಳಿದದ್ದನ್ನು ಓಡುತ್ತಾ ಕಲಿಯಬೇಕು. ಪದೇ ಪದೇ ರೀಸ್ಟಾರ್ಟ್ ಮಾಡಿದಷ್ಟೂ ಹಿಂದೆ ಬೀಳುತ್ತೀರಿ. ಪಿಯರ್‌ಗಳ ಸಂಖ್ಯೆ ಏರುವುದೇ ಇಲ್ಲ ಅಂದರೆ ರೀಸೀಡ್ ಕೆಟ್ಟಿದೆ: ರೀಸೀಡ್ ಪುಟದಲ್ಲಿ ಎಸ್‌ಯು3 ಫೈಲ್ (ಆ ಪಟ್ಟಿ ಇರುವ ಫೈಲ್) ಕೊಟ್ಟು ಕೈಯಾರೆ ಮಾಡಿ.

‘ಫೈರ್‌ವಾಲ್ಡ್’ (ಹೊರಗಿನವರು ನಿಮಗೆ ನೇರ ಸಂಪರ್ಕಿಸಲಾಗದ ಸ್ಥಿತಿ) ಇದ್ದರೂ ನೆಟ್‌ವರ್ಕ್ ನಡೆಯುತ್ತದೆ. ಸರಿಪಡಿಸಬೇಕಾದರೆ ನೆಟ್‌ವರ್ಕ್ ಪುಟದಲ್ಲಿ ಕಾಣುವ ಪೋರ್ಟ್ ನಂಬರನ್ನು (9000–31000ರ ನಡುವೆ ಒಂದು) ಮನೆಯ ರೌಟರ್ ಪೆಟ್ಟಿಗೆಯಲ್ಲಿ ನಿಮ್ಮ ಕಂಪ್ಯೂಟರ್‌ಗೆ ಫಾರ್ವರ್ಡ್ ಮಾಡಿ, ಯುಡಿಪಿ ಮತ್ತು ಟಿಸಿಪಿ ಎರಡಕ್ಕೂ. ಬರೀ ಟಿಸಿಪಿಯನ್ನು ಫಾರ್ವರ್ಡ್ ಮಾಡಿ ನಿಲ್ಲಿಸಬೇಡಿ. ನಿಮ್ಮ ಸೇವಾದಾರರು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇಟ್ಟಿದ್ದರೆ ಇದು ಫಲಿಸದು, ಹಾಗೇ ಬಿಡಿ.

ಬ್ಯಾಂಡ್‌ವಿಡ್ತ್ ಕೊಡುವಾಗ ಎಚ್ಚರ, ಅಲ್ಲಿ ಕೇಳುವುದು ಕಿಲೋಬೈಟ್. ಲೈನ್‌ನ ವೇಗ ಹೇಳುವುದು ಬಿಟ್‌ಗಳಲ್ಲಿ. 8ರಿಂದ ಭಾಗಿಸಿ. ನಿಲ್ಲಿಸುವಾಗ ಕನ್ಸೋಲ್‌ನ ‘ಶಟ್‌ಡೌನ್’ ಒತ್ತಿ ಸುಮಾರು 10 ನಿಮಿಷ ಬಿಡಿ. ಟನಲ್ ಒಂದರ ಆಯುಸ್ಸು ಅಷ್ಟೇ. ನಿಮ್ಮ ಮೂಲಕ ಹಾದುಹೋಗುತ್ತಿರುವ ಬೇರೆಯವರ ಟನಲ್‌ಗಳು ಅರ್ಧಕ್ಕೆ ತುಂಡಾಗಬಾರದು.

ಉತ್ತರ 3
ಟಾರೆಂಟ್‌ಗೆ ಐ2ಪಿಯ ಜೊತೆಗೇ ಬರುವ ಐ2ಪಿಸ್ನಾರ್ಕ್ ಪ್ರೋಗ್ರಾಂ ಸಾಕು. ಹೊರಗಿನ ಮಾಮೂಲಿ ಮ್ಯಾಗ್ನೆಟ್ (ಟಾರೆಂಟ್ ಲಿಂಕ್) ಹಾಕಿದರೆ ಏನೂ ಇಳಿಯುವುದಿಲ್ಲ, ಅದರ ಪಿಯರ್‌ಗಳು ಈ ನೆಟ್‌ವರ್ಕ್‌ನಲ್ಲಿ ಇಲ್ಲ. ಐ2ಪಿ ಒಳಗಿನ ಟ್ರ್ಯಾಕರ್‌ನ (ಪಿಯರ್‌ಗಳನ್ನು ಪರಿಚಯಿಸುವ ಸರ್ವರ್) ಟಾರೆಂಟೇ ಬೇಕು.

ಕ್ಯೂಬಿಟ್‌ಟಾರೆಂಟ್ (ಬೇರೆ ಟಾರೆಂಟ್ ಪ್ರೋಗ್ರಾಂ) ಬಳಸುವುದಾದರೆ 4.6 ಅಥವಾ ನಂತರದ್ದು ಇರಲಿ. ಜಾವಾ ಆವೃತ್ತಿಯಲ್ಲಿ ಸ್ಯಾಮ್ ಬ್ರಿಡ್ಜ್ (ಬೇರೆ ಪ್ರೋಗ್ರಾಂಗಳನ್ನು ಐ2ಪಿಗೆ ಸೇರಿಸುವ ಕೊಂಡಿ) ತಾನಾಗಿ ಶುರುವಾಗುವುದಿಲ್ಲ, ಕ್ಲೈಂಟ್ಸ್ ಪುಟದಲ್ಲಿ ಆನ್ ಮಾಡಿ, ಪೋರ್ಟ್ 7656. ‘ಮಿಕ್ಸೆಡ್ ಮೋಡ್’ ಮಾತ್ರ ಮುಟ್ಟಬೇಡಿ. ಅದರಲ್ಲಿ ಅದೇ ಟಾರೆಂಟ್ ಹೊರಗಿನ ಪಿಯರ್‌ಗಳಿಗೂ ನಿಮ್ಮ ಐಪಿಯಿಂದಲೇ ನೇರ ಸೇರಿಕೊಳ್ಳುತ್ತದೆ, ಆಮೇಲೆ ಅನಾಮಧೇಯತೆ ಎಲ್ಲಿಯದು?

ವೇಗ ಕಡಿಮೆ. ನಿಮ್ಮ ಕಡೆ 3 ಹಾಪ್ (ಟನಲ್‌ನ ದಾರಿಯಲ್ಲಿನ ಕಂಪ್ಯೂಟರ್), ಆಚೆಯವರ ಕಡೆ 3. ಹಾಪ್ ಇಳಿಸಿದರೆ ವೇಗ ಹೆಚ್ಚುತ್ತದೆ, ಗುರುತು ಹತ್ತುವ ಅಪಾಯವೂ ಹೆಚ್ಚುತ್ತದೆ. 3ರಲ್ಲೇ ಇರಲಿ.