ಅಪ್‌ಡೇಟ್: ಮುತ್ತಜ್ಜನ ಪದಕದ ಗುಟ್ಟು ಅಂಚಿನಲ್ಲೇ ಇತ್ತು

ಬಳ್ಳಾರಿಯ ನಮ್ಮನೆ ಟ್ರಂಕಿನಲ್ಲಿ ಸಿಕ್ಕ ಕುದುರೆ ಸವಾರನ ಚಿತ್ರವಿರೋ ಯುದ್ಧದ ಪದಕದ ಜಾಡು ಹಿಡಿಯೋದು ಹೇಗೆ ಅಂತ ಹೋದವಾರ ಕೇಳಿದ್ದೆನಲ್ಲ, ಗೊತ್ತಾಯ್ತು ನೋಡ್ರಿ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಪಟ್ಟಿ ಹುಡುಕಿದ್ದು ದಂಡ. ಅದರಲ್ಲಿರೋದು ಯುದ್ಧಕಾಲದಲ್ಲಿ ತೀರಿಕೊಂಡವರು, ನಮ್ಮ ಮುತ್ತಜ್ಜ ಊರಿಗೆ ವಾಪಸ್ ಬಂದು ಜೋಳ ಬಿತ್ತಿದವರು. ಕೈ ಹಿಡಿದದ್ದು "ಅಂಚಿಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ರಿ" ಅಂದವರ ಸಲಹೆ. ನಂಬರು, ಹೆಸರು, ಕೊನೆಗೆ ಲೇಬರ್ ಕೋರ್ (ಕೂಲಿ ದಳ) ಅಂತ ಇಂಗ್ಲಿಷ್ ಅಕ್ಷರ ಮೂಡಿದವು. ಅರ್ಧ ಸವೆದಿವೆ, ನಮ್ಮಜ್ಜಿ ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಪುಣ್ಯ!

ಪದಕ ಬೆಳ್ಳಿಯದಲ್ಲ, ಅದಕ್ಕೇ ನಕಲಿ ಅಂದಿದ್ದರು ಒಬ್ಬರು. ಹಂಗಲ್ಲ: 1914-18ರ ಯುದ್ಧದ ಬ್ರಿಟಿಷ್ ವಾರ್ ಮೆಡಲ್ಲನ್ನ ಸೈನಿಕರಿಗೆ ಬೆಳ್ಳಿಯಲ್ಲಿ, ಭಾರತದ ಕೂಲಿ ದಳಗಳವರಿಗೆ ಕಂಚಿನಲ್ಲಿ ಕೊಟ್ಟಿದ್ದರು. ನಾವೆಲ್ಲ ಮುತ್ತಜ್ಜ ಬಂದೂಕು ಹಿಡಿದಿದ್ದ ಅಂತಿದ್ವಿ, ಆದ್ರೆ ಇದ್ದದ್ದು ಕೂಲಿ ದಳದಲ್ಲಿ. ಸೇವಾ ದಾಖಲೆ ಇನ್ನೂ ಸಿಕ್ಕಿಲ್ಲ, ಈಗ ಆ ನಂಬರ್ ಹಿಡಿದು ಹುಡುಕ್ತಿದ್ದೀನಿ.