ಆಟದಲ್ಲಿ ಪೂರ್ತಿ ಅಂಕ, ಸೈಟಿನಲ್ಲಿ ಬರೀ ‘ಹೂಂ’: ನನ್ನ ಟ್ವೈನ್ ಆಟ ಎಲ್ಲಿ ಎಡವುತ್ತಿದೆ?

ಕರಣೆ:
ಕಂಬಿ ಕಟ್ಟುವ ಕೆಲಸ ಕಲಿಯುತ್ತಿರುವ ಹುಡುಗರಿಗೆ ಪಾಠ ಮಾಡುತ್ತೇನೆ. ಮೇಸ್ತ್ರಿಯ ಹತ್ತಿರ, ಎಂಜಿನಿಯರ್ ಹತ್ತಿರ ಹೇಗೆ ಮಾತನಾಡಬೇಕು ಎಂದು ಕಲಿಸಲು ಟ್ವೈನ್‌ನಲ್ಲಿ (ಆಯ್ಕೆಗಳನ್ನು ಒತ್ತುತ್ತ ಸಾಗುವ ಕಥೆ-ಆಟ ಕಟ್ಟುವ ಸಾಫ್ಟ್‌ವೇರ್) ಒಂದು ಆಟ ಮಾಡಿದ್ದೇನೆ. ಮೇಸ್ತ್ರಿ ಏನೋ ಹೇಳುತ್ತಾನೆ, ಕೆಳಗೆ ಮೂರು ಉತ್ತರಗಳಿರುತ್ತವೆ, ಒಂದನ್ನು ಒತ್ತಬೇಕು.

ತೊಂದರೆ ಎರಡು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಹುಡುಗರ ಮೊಬೈಲ್‌ನಲ್ಲಿ ಮೇಸ್ತ್ರಿಯ ಧ್ವನಿ ಬರುವುದಿಲ್ಲ; ನನ್ನ ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ. ಇನ್ನೊಂದು, ಎಲ್ಲರೂ ಮೂರೇ ನಿಮಿಷದಲ್ಲಿ ಪೂರ್ತಿ ಅಂಕ ತೆಗೆಯುತ್ತಾರೆ. ಮರುದಿನ ಸೈಟಿನಲ್ಲಿ ಏನು ಹೇಳಿದರೂ ‘ಹೂಂ’. ಮೊನ್ನೆ ಬೀಮಿನ ನಡುವೆ ರಿಂಗ್‌ಗಳ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಬಳೆಗಳ) ಅಂತರ ‘ಇನ್ನೂರು’ ಎಂಎಂ ಎಂದರೆ, ಮಿಕ್ಸರ್ ಸದ್ದಿನಲ್ಲಿ ‘ನೂರು’ ಎಂದು ಕೇಳಿಸಿಕೊಂಡು ಕಟ್ಟಿದ್ದಾರೆ. ಪುಣ್ಯಕ್ಕೆ ಕಂಬಿ ದಂಡವಾಯಿತು, ಅಷ್ಟೇ. ತಿರುಗುಮುರುಗಾಗಿ ರಿಂಗ್‌ಗಳು ಕಡಿಮೆ ಬಿದ್ದು ಬೀಮೇ ಸೊರಗಿದ್ದರೆ?

ತೂಗುಗುಂಡು:
ಮೊದಲನೆಯದು ಸುಲಭ ಸರ್. ಟ್ವೈನ್ ಕೊಡುವುದು ಒಂದೇ ಒಂದು ಎಚ್‌ಟಿಎಂಎಲ್ ಫೈಲು. ಧ್ವನಿಯ ಫೈಲುಗಳು ಅದರ ಹೊರಗೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಉಳಿದಿವೆ. ಆಟಕ್ಕೆ ಇಂಡೆಕ್ಸ್.ಎಚ್‌ಟಿಎಂಎಲ್ ಎಂದು ಹೆಸರಿಟ್ಟು, ಧ್ವನಿಗಳ ಜೊತೆ ಜಿಪ್ ಮಾಡಿ ಇಚ್.ಐಓಗೆ (ಆಟಗಳನ್ನು ಹಂಚಿಕೊಳ್ಳುವ ಜಾಲತಾಣ) ಏರಿಸಿ, ಹುಡುಗರಿಗೆ ಲಿಂಕ್ ಕಳಿಸಿದರೆ ಸಾಕು. ಮೊದಲ ಪುಟದಲ್ಲಿ ‘ಶುರು ಮಾಡಿ’ ಗುಂಡಿಯೂ ಇರಲಿ. ಬೆರಳು ತಾಗುವ ತನಕ ಮೊಬೈಲ್ ಬ್ರೌಸರ್ ಸದ್ದು ಮಾಡಲು ಬಿಡುವುದಿಲ್ಲ. ಟ್ವೈನ್‌ನಲ್ಲಿ ಆಯ್ದುಕೊಳ್ಳುವ ಕಥಾ ಮಾದರಿಗಳ ಪೈಕಿ ಹಾರ್ಲೋದಲ್ಲಿ ಧ್ವನಿಗೆಂದೇ ಆಜ್ಞೆಗಳಿಲ್ಲ, ಶುಗರ್‌ಕ್ಯೂಬ್‌ನಲ್ಲಿವೆ. ಹೊಸದಾಗಿ ಮಾಡುವುದಾದರೆ ಅದನ್ನೇ ಹಿಡಿಯಿರಿ.

ಮಟ್ಟಗೋಲು:
ಎರಡನೆಯದು ಸಾಫ್ಟ್‌ವೇರ್ ದೋಷವಲ್ಲ. ಮೂರರಲ್ಲಿ ವಿನಯದ ಉತ್ತರ ಯಾವುದೆಂದು ಗುರುತಿಸುವುದು ಪರೀಕ್ಷೆಯ ಜಾಣತನ. ನಿಮ್ಮ ಆಟದಲ್ಲಿ ಯಾರೂ ಬಾಯಿಯನ್ನೇ ತೆರೆಯುವುದಿಲ್ಲವಲ್ಲ! ನಮ್ಮ ‘ಹೂಂ’ಗೋ ಎರಡು ಅರ್ಥ: ಕೇಳಿಸಿತು, ಅರ್ಥವಾಯಿತು. ಹೇಳುವವನು ಎರಡನೆಯದೆಂದು ತಿಳಿಯುತ್ತಾನೆ, ಹುಡುಗ ಹೇಳಿದ್ದು ಮೊದಲನೆಯದು.

2015ರಲ್ಲಿ ಬಂದ ‘ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’ ಆಟ ನೋಡಿ. ಒಬ್ಬನಿಗೆ ಬಾಂಬ್ ಮಾತ್ರ ಕಾಣುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವ ಕೈಪಿಡಿ ಉಳಿದವರ ಬಳಿ. ಮಾತನಾಡದೆ ಗತಿಯಿಲ್ಲ. ನೀವೂ ಹಾಗೆಯೇ ಮಾಹಿತಿಯನ್ನು ಹಂಚಿಬಿಡಿ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬನ ಮೊಬೈಲ್‌ನಲ್ಲಿ ಬೀಮಿನ ನಕ್ಷೆ, ಇನ್ನೊಬ್ಬನದರಲ್ಲಿ ಅಳತೆ ತುಂಬುವ ಖಾಲಿ ಬೀಮು. ಎರಡು ಮೊಬೈಲ್‌ಗಳನ್ನು ಜೋಡಿಸುವ ತಾಪತ್ರಯ ಬೇಡ, ಎರಡು ಬೇರೆ ಆಟಗಳೇ ಸಾಕು. ಕೊನೆಗೆ ಪಕ್ಕಪಕ್ಕ ಹಿಡಿದು ನೋಡಿದರಾಯಿತು. ಹಿನ್ನೆಲೆಗೆ ಮಿಕ್ಸರ್ ಸದ್ದು. ನಿಯಮ ಒಂದೇ: ‘ಹೂಂ’ ಎನ್ನುವಂತಿಲ್ಲ, ಕೇಳಿದ್ದನ್ನು ತಿರುಗಿ ಹೇಳಬೇಕು. ‘ಎರಡು ತುದಿಗೆ ನೂರು, ನಡುವೆ ಇನ್ನೂರು, ಸರಿಯೇ?’

ಉತ್ತರ ಭಾರತದ ಕೆಲಸಗಾರರಿದ್ದರೆ ಕಂಬಿಯ ದಪ್ಪವನ್ನು ‘ಸೂತ್’ನಲ್ಲಿ ಹೇಳುವ ಸುತ್ತೊಂದನ್ನೂ ಸೇರಿಸಿ. ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ. 10 ಎಂಎಂ ಕಂಬಿಗೆ ಮೂರು ಸೂತ್, 12 ಎಂಎಂಗೆ ನಾಲ್ಕು ಎನ್ನುತ್ತಾರೆ. ಗೊತ್ತಿಲ್ಲದವನು ‘ಹಾಗೆಂದರೇನು?’ ಎಂದು ಕೇಳಲೇಬೇಕಾಗುತ್ತದೆ. ಹೊಸ ಹುಡುಗರ ಬಾಯಿಂದ ಹೊರಡದ ಪ್ರಶ್ನೆಯೇ ಅದು.

ಕರಣೆ:
ಧ್ವನಿ ಬಂತು, ತೂಗುಗುಂಡು ಅವರಿಗೆ ಧನ್ಯವಾದ. ಜೋಡಿ ಆಟವನ್ನು ನಿನ್ನೆ ಆಡಿಸಿದೆ. ಮೊದಲ ಸುತ್ತಿನಲ್ಲಿ ಹೆಚ್ಚಿನವರು ಸೋತರು, ಜಗಳವೂ ಆಯಿತು. ಮೂರನೇ ಸುತ್ತಿಗೆ ಒಬ್ಬ ತಾನಾಗಿಯೇ ‘ಇನ್ನೂರು’ ಬಿಟ್ಟು ‘ಎರಡು ಸೊನ್ನೆ ಸೊನ್ನೆ’ ಎನ್ನತೊಡಗಿದ. ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ನಾನು ಹೇಳಿಕೊಟ್ಟದ್ದಲ್ಲ. ಈಗ ಮಿಕ್ಸರ್ ಸದ್ದಿಗೆ ಪಕ್ಕದ ತರಗತಿಯಿಂದ ದೂರು ಬಂದಿದೆ. ಇಯರ್‌ಫೋನ್‌ನಲ್ಲಿ ಕೇಳಿಸಬಹುದೇ?

ಮಟ್ಟಗೋಲು:
ಕೇಳಿಸಿ, ಆದರೆ ಒಂದೇ ಕಿವಿಗೆ. ಇನ್ನೊಂದು ಜೊತೆಗಾರನಿಗೆ ಬೇಕು.