ಹೆಲ್ಮೆಟ್ ಹಾಕಿದರೂ ಮುಖ ಸುಡುತ್ತದೆ: ಪುಣೆಯ ಬಿಸಿಲಿನಲ್ಲಿ ಕುದುರೆ ಸವಾರಿ

ಪ್ರಶ್ನೆ: ಕೋಥ್ರೂಡಿನ ಧಾರವಾಡದವಳು

ಜನವರಿಯಿಂದ ನಾನೂ ನನ್ನ ಹನ್ನೊಂದು ವರ್ಷದ ಮಗಳೂ ಪುಣೆಯ ಹೊರವಲಯದ ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಕುದುರೆ ಸವಾರಿ ಕಲಿಯುತ್ತಿದ್ದೇವೆ. ನಮಗೆ ಸಿಕ್ಕಿರುವ ಹೊತ್ತು ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ. ಚಳಿಗಾಲದಲ್ಲಿ ಹಿತವಾಗಿದ್ದ ಆ ಹೊತ್ತು ಏಪ್ರಿಲ್ ಕಾಲಿಟ್ಟೊಡನೆ ಸಹಿಸಲಾಗದಂತಾಗಿದೆ. ಹೆಲ್ಮೆಟ್ಟಿನ ಮುಂದಿನ ಅಂಚು ಎರಡು ಬೆರಳಿನಷ್ಟೂ ಚಾಚಿಲ್ಲವಾದ್ದರಿಂದ ಹುಬ್ಬಿನ ಕೆಳಗೆ ನೆರಳೆಂಬುದೇ ಬೀಳುವುದಿಲ್ಲ. ಕತ್ತಿನ ಹಿಂಭಾಗ, ಕಿವಿಯ ತುದಿ, ಲಗಾಮು ಹಿಡಿದ ಕೈಗಳ ಮೇಲ್ಭಾಗ ಕಪ್ಪಾಗಿವೆ. ಹೆರಿಗೆಯ ನಂತರ ಬಂದು ಮಾಸಿದ್ದ ಕೆನ್ನೆಯ ಬಂಗು ಮತ್ತೆ ಎದ್ದು ಕಾಣುತ್ತಿದೆ. ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಅದು ಬೆವರಿನೊಡನೆ ಕಣ್ಣಿಗಿಳಿದು ಉರಿಯುತ್ತದೆ, ಎರಡೂ ಕೈಗಳಲ್ಲಿ ಲಗಾಮು ಇರುವಾಗ ಒರೆಸಿಕೊಳ್ಳುವಂತೆಯೂ ಇಲ್ಲ. ಇಲ್ಲಿನ ಹೆಣ್ಣುಮಕ್ಕಳು ಸ್ಕೂಟರಿನಲ್ಲಿ ಹೋಗುವಾಗ ಮಾಡುವಂತೆ ದುಪಟ್ಟಾದಿಂದ ಮುಖ ಸುತ್ತಿಕೊಂಡು ಹೋದ ದಿನ ಗಂಟು ಸಡಿಲಗೊಂಡು ಅದರ ತುದಿ ಹಾರಾಡಿತು. ಕುದುರೆ ಬೆದರಿ ಪಕ್ಕಕ್ಕೆ ಜಿಗಿಯಿತು. ನಾನು ಬೀಳದೆ ಉಳಿದದ್ದು ಜೀನನ್ನು ತಬ್ಬಿಕೊಂಡದ್ದರಿಂದ. ಕುದುರೆಯನ್ನು ಓಡಿಸದೆ ನಡಿಗೆಯಲ್ಲಿ ಮಾತ್ರ ಒಯ್ಯುವ ದಿನ ಹೆಲ್ಮೆಟ್ಟಿನ ಬದಲು ಅಗಲ ಅಂಚಿನ ಟೋಪಿ ಹಾಕಿಕೊಳ್ಳಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಹಳೆಯ ಸವಾರ, ಮುಂಬಯಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಬೆದರುವ ಕುದುರೆ ನಡಿಗೆಯಲ್ಲಿದ್ದರೂ ಬೆದರುತ್ತದೆ, ನಿಮ್ಮ ದುಪಟ್ಟಾ ಅದನ್ನು ಈಗಾಗಲೇ ತೋರಿಸಿಕೊಟ್ಟಿದೆ. ಹೆಲ್ಮೆಟ್ಟಿನ ಒಳಗೆ ದಪ್ಪ ಟೋಪಿಯನ್ನೂ ತುರುಕಬೇಡಿ, ಅದರಿಂದ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಹೆಲ್ಮೆಟ್ಟಿನ ಹೊರಗಿನಿಂದ ಎಳೆದು ತೊಡಿಸುವ, ಸುತ್ತಲೂ ಮೆತ್ತನೆಯ ಅಂಚಿರುವ ಬಟ್ಟೆಯ ಹೊದಿಕೆಗಳು ಸವಾರರಿಗೆಂದೇ ಸಿಗುತ್ತವೆ. ಬಿದ್ದಾಗ ಆ ಅಂಚು ಮಡಚಿಕೊಳ್ಳುವಂತಿರಬೇಕು. ಗಟ್ಟಿ ಪ್ಲಾಸ್ಟಿಕ್ಕಿನದನ್ನು ಅಂಟಿಸುವುದು, ತಿರುಪು ಹಾಕಲು ತೂತು ಕೊರೆಯುವುದು ಎರಡೂ ಅಪಾಯ.

ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಸವಾರಿ ಮಾಡುತ್ತಿದ್ದ ಕಾಲದಲ್ಲಿ ಇಂಥದೊಂದನ್ನು ಕೊಂಡು, ಕುದುರೆಯ ಬೆನ್ನ ಮೇಲೆ ಕುಳಿತೇ ಅದರ ವೆಲ್ಕ್ರೋ ಪಟ್ಟಿಯನ್ನು ಬಿಡಿಸಿದೆ. ‘ಪರ್ರ್’ ಎಂಬ ಆ ಒಂದು ಸದ್ದಿಗೆ ಕುದುರೆ ಎರಡು ಹೆಜ್ಜೆ ಹಿಂದೆ ಸರಿದು ಪಕ್ಕದ ಕುದುರೆಯನ್ನೂ ಕೆಣಕಿತು. ಅಂದಿನಿಂದ ಅದನ್ನು ಲಾಯದ ಹೊರಗೆ, ನೆಲದ ಮೇಲೆ ನಿಂತು ಕಟ್ಟಿಕೊಂಡು, ಕುದುರೆಗೆ ತೋರಿಸಿ, ಮೂಸಲು ಬಿಟ್ಟು ಆಮೇಲೆ ಹತ್ತುವ ರೂಢಿ ಮಾಡಿಕೊಂಡೆ.

ಉಳಿದದ್ದೆಲ್ಲ ಬಟ್ಟೆಯ ಕೆಲಸ. ಬಿಗಿ ನೇಯ್ಗೆಯ ತೋಳುದ್ದದ ಅಂಗಿ, ಕತ್ತಿಗೆ ತುದಿ ಹಾರಾಡದ ಕೊಳವೆಯಾಕಾರದ ಪಟ್ಟಿ, ಕೈಗೆ ತೆಳು ಗವುಸು ಇದ್ದರೆ ಸಾಕು. ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ನೋಡಲು ತಂಪಾದರೂ ಅತಿನೇರಳೆ ಕಿರಣಗಳನ್ನು ಸಾಕಷ್ಟು ಒಳಬಿಡುತ್ತದೆ, ಬೆವರಿನಿಂದ ತೊಯ್ದರೆ ಇನ್ನೂ ಹೆಚ್ಚು. ಯುಪಿಎಫ್ 50 ಎಂದು ಬರೆದಿರುವ ಬಟ್ಟೆ ಆ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಪಾಲನ್ನಷ್ಟೇ ಒಳಬಿಡುತ್ತದೆ.

ಉತ್ತರ: ಚರ್ಮವೈದ್ಯೆ, ಪುಣೆ

ಹಿರಿಯರ ಮಾತಿಗೆ ನನ್ನ ಸಹಮತವಿದೆ. ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಕ್ರೀಮು. ಎಸ್‌ಪಿಎಫ್ (ಸನ್‌ಸ್ಕ್ರೀನ್ ಬಿಸಿಲನ್ನು ತಡೆಯುವ ಅಳತೆ) 30 ಇದ್ದರೆ ಅದು ಚರ್ಮ ಸುಡುವ ಯುವಿಬಿ ಎಂಬ ಅತಿನೇರಳೆ ಕಿರಣಗಳ ಸುಮಾರು 97 ಪ್ರತಿಶತವನ್ನೂ 50 ಸುಮಾರು 98 ಪ್ರತಿಶತವನ್ನೂ ತಡೆಯುತ್ತದೆ, ಆದ್ದರಿಂದ ಅಂಕಿಗಿಂತ ಹಚ್ಚುವ ಪ್ರಮಾಣವೇ ಮುಖ್ಯ. ಈ ಅಂಕಿಗಳನ್ನು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ನಾವು ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕತ್ತಿಗೆ ಸರಿಹೋಗುತ್ತದೆ. ಹೆಲ್ಮೆಟ್ ಮುಚ್ಚುವ ಹಣೆಗೆ ಹಚ್ಚಲೇಬೇಡಿ, ಕಣ್ಣಿಗಿಳಿಯುವುದು ಅಲ್ಲಿಯದೇ. ಕಣ್ಣಿನ ಸುತ್ತ ಮತ್ತು ಮೂಗಿನ ಮೇಲೆ ಸತು ಆಕ್ಸೈಡ್ ಇರುವ ಕಡ್ಡಿಯಂಥ ಗಟ್ಟಿ ಸನ್‌ಸ್ಕ್ರೀನ್ ಉತ್ತಮ. ಹಚ್ಚಿದ ಮೇಲೆ ಅಂಗೈ ತೊಳೆದುಕೊಳ್ಳಿ, ಇಲ್ಲದಿದ್ದರೆ ಲಗಾಮು ಜಾರುತ್ತದೆ.

ಬಂಗಿನ ವಿಷಯ ಬೇರೆ. ಅದನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ, ಬಿಳಿಯ ಸನ್‌ಸ್ಕ್ರೀನ್‌ಗಳು ಅದನ್ನು ಚೆನ್ನಾಗಿ ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೇಳಿ ಪಡೆಯಿರಿ. ಔಷಧದಂಗಡಿಯವರು ಬಂಗಿಗೆಂದು ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳನ್ನು ವೈದ್ಯರ ಸಲಹೆಯಿಲ್ಲದೆ ಹಚ್ಚಬೇಡಿ. ಅವು ತಿಂಗಳುಗಟ್ಟಲೆ ಹಾಳುಮಾಡಿದ ಮುಖಗಳನ್ನು ನಾನು ವಾರವಾರವೂ ನೋಡುತ್ತೇನೆ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಹೊತ್ತಿನ ಬದಲಾವಣೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾದರೆ ಕಿರಣಗಳು ತೀವ್ರವಾಗಿವೆ ಎಂದು ತಿಳಿಯಬಹುದು. ಏಪ್ರಿಲ್ ಕೊನೆಯಲ್ಲಿ ಪುಣೆಯಲ್ಲಿ ಒಂಬತ್ತೂವರೆಯ ಸುಮಾರಿಗೆ ನೆರಳು ನಮ್ಮಷ್ಟೇ ಉದ್ದವಿರುತ್ತದೆ, ಅಂದರೆ ನಿಮ್ಮ ತರಗತಿ ಮುಗಿಯುವುದು ಸರಿಯಾಗಿ ಆ ಗಡಿಯಲ್ಲಿ. ಮೇ ಮಧ್ಯದಲ್ಲಂತೂ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ.

ಉತ್ತರ: ಪಣಜಿಯ ಪಶುವೈದ್ಯ

ಸವಾರರ ಬಗ್ಗೆ ಇಷ್ಟು ಮಾತಾದ ಮೇಲೆ ಕುದುರೆಯ ಪರವಾಗಿಯೂ ಒಂದು ಮಾತು. ಮೂತಿಯ ಮೇಲೆ ಬಿಳಿ ಮಚ್ಚೆಯಿದ್ದು ಅದರಡಿಯ ಚರ್ಮ ಗುಲಾಬಿಯಾಗಿದ್ದರೆ ಆ ಜಾಗ ನಮ್ಮ ಮೂಗಿನಂತೆಯೇ ಸುಟ್ಟು ಸಿಪ್ಪೆಯೇಳುತ್ತದೆ, ಶಾಲೆಯವರಿಗೆ ತೋರಿಸಿ. ಕುದುರೆಯೂ ನಮ್ಮಂತೆ ಬೆವರಿಯೇ ತಂಪಾಗುವ ಪ್ರಾಣಿಯಾದ್ದರಿಂದ, ಗೋವೆ, ಮುಂಬಯಿಯಂಥ ಕಡಲ ಸೆಕೆಯಲ್ಲಿ ಬೆವರು ಆರದೆ ಅದು ಬೇಗ ಬಳಲುತ್ತದೆ. ಬಿಸಿಲಲ್ಲಿ ದುಡಿದೂ ಮೈ ಒಣಗಿಯೇ ಇದ್ದು ಏದುಸಿರು ಬಿಡುವ ಕುದುರೆಯಿಂದ ತಕ್ಷಣ ಇಳಿದು, ನೆರಳಿಗೆ ಒಯ್ದು, ಮೈತುಂಬ ತಣ್ಣೀರು ಸುರಿಯುತ್ತಲೇ ಇರಬೇಕು ಮತ್ತು ವೈದ್ಯರಿಗೆ ತಿಳಿಸಬೇಕು.

ಮರುಉತ್ತರ: ಕೋಥ್ರೂಡಿನ ಧಾರವಾಡದವಳು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಕುದುರೆಯ ಮೂತಿ ಪೂರ್ತಿ ಕಪ್ಪು, ಆ ಚಿಂತೆಯಿಲ್ಲ. ಶಾಲೆಯವರು ಮೊದಲು ಒಪ್ಪದಿದ್ದರೂ ಇನ್ನಿಬ್ಬರು ತಾಯಂದಿರು ಜೊತೆಗೂಡಿದ ಮೇಲೆ ಆರೂವರೆಯ ತರಗತಿ ಕೊಟ್ಟರು. ಹೆಲ್ಮೆಟ್ಟಿನ ಹೊದಿಕೆ ಮಗಳಿಗೆ ಹಿಡಿಸಿದೆ. ಕುದುರೆ ಮಾತ್ರ ಮೊದಲ ದಿನ ಅದರ ಅಂಚನ್ನು ಮೂಸಿ, ತುಟಿಯಲ್ಲಿ ಎಳೆದು, ತಿನ್ನುವ ವಸ್ತುವಲ್ಲವೆಂದು ಖಾತ್ರಿಯಾದ ಮೇಲೆಯೇ ಬಿಟ್ಟಿತು. ಬಂಗಿಗೆ ವೈದ್ಯರನ್ನು ಮುಂದಿನ ವಾರ ಕಾಣುತ್ತೇನೆ. ನಿನ್ನೆ ಸವಾರಿ ಮುಗಿಸಿ ಇಳಿದಾಗ ಏಳೂವರೆ. ನನ್ನ ನೆರಳು ಅಂಗಳ ದಾಟಿ ಲಾಯದ ಬಾಗಿಲಿನತ್ತ ಉದ್ದಕ್ಕೆ ಚಾಚಿಕೊಂಡಿತ್ತು.